ವಿಪಿಎನ್ ಆನ್ ಇದ್ದರೂ ವೆಬ್‌ಆರ್‌ಟಿಸಿಯಲ್ಲಿ ಮನೆಯ ಐಪಿ ಕಾಣುತ್ತಿದೆ (ಫೈರ್‌ಫಾಕ್ಸ್)

ನೇಸರ:
ನಮಸ್ಕಾರ. ಲ್ಯಾಪ್‌ಟಾಪ್‌ನಲ್ಲಿ ಫೈರ್‌ಫಾಕ್ಸ್, ನನ್ನ ಐಪಿ ವಿಳಾಸ ಮರೆಸಲು ಅದಕ್ಕೊಂದು ವಿಪಿಎನ್ ಎಕ್ಸ್‌ಟೆನ್ಶನ್ ಹಾಕಿದ್ದೇನೆ. ಐಪಿ ತೋರಿಸುವ ಸೈಟ್‌ಗಳಲ್ಲಿ ನೆದರ್ಲೆಂಡ್ಸ್ ವಿಳಾಸವೇ ಬರುತ್ತದೆ. ನಿಜವಾದ ಐಪಿ ಸೋರುತ್ತಿದೆಯೇ ಎಂದು ನೋಡುವ ಲೀಕ್ ಟೆಸ್ಟ್ ಮಾಡಿದರೆ ಮಾತ್ರ ವೆಬ್‌ಆರ್‌ಟಿಸಿ ಸಾಲಿನಲ್ಲಿ ಮನೆಯ ಫೈಬರ್ ಕನೆಕ್ಷನ್ನಿನ ಐಪಿ ಇದೆ, ಜೊತೆಗೆ ‘.ಲೋಕಲ್’ ಎಂದು ಮುಗಿಯುವ ಉದ್ದನೆಯ ಹೆಸರು. ಕುಕೀ, ಕ್ಯಾಶೆ ಅಳಿಸಿದರೂ ಹೋಗುತ್ತಿಲ್ಲ. ಎಲ್ಲಿ ಸೋರುತ್ತಿದೆ?

ಬಯಲುಸೀಮೆ:
ಕುಕೀಗೂ ಇದಕ್ಕೂ ಸಂಬಂಧ ಇಲ್ಲ. ವೆಬ್‌ಆರ್‌ಟಿಸಿ ಬ್ರೌಸರ್‌ನೊಳಗಿನ ಒಂದು ಸೌಲಭ್ಯ, ಇರುವುದು ವಿಡಿಯೋ ಕಾಲ್‌ನಂಥ ಕೆಲಸಕ್ಕೆ. ಎದುರಿನ ಯಂತ್ರಕ್ಕೆ ನೇರ ದಾರಿ ಹುಡುಕಲು ತನ್ನ ಹೊರಗಿನ ವಿಳಾಸ ಏನೆಂದು ಅದು ಸ್ಟನ್ ಸರ್ವರ್ ಒಂದನ್ನು ಯುಡಿಪಿಯಲ್ಲಿ (ಡೇಟಾ ಕಳಿಸುವ ಒಂದು ವಿಧಾನ) ಕೇಳುತ್ತದೆ. ಬಂದ ಉತ್ತರವನ್ನು ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ಓದಿಬಿಡುತ್ತದೆ. ಕ್ಯಾಮೆರಾ, ಮೈಕ್ ಅನುಮತಿಯೂ ಬೇಕಿಲ್ಲ, ಹಾಗಾಗಿ ನಿಮಗೆ ಸುಳಿವೇ ಸಿಗುವುದಿಲ್ಲ. 2015ರಲ್ಲೇ ಇದನ್ನು ಎಲ್ಲರೆದುರು ಮಾಡಿ ತೋರಿಸಿದ್ದರು.

ನಿಮ್ಮದು ಎಕ್ಸ್‌ಟೆನ್ಶನ್ ಅಂದಿರಲ್ಲ, ಗಂಟು ಇರುವುದು ಅಲ್ಲೇ. ಅಂಥವು ಹೆಚ್ಚಾಗಿ ಬರೀ ಪ್ರಾಕ್ಸಿ, ಅಂದರೆ ಬ್ರೌಸರ್‌ಗೆ ಒಬ್ಬ ಮಧ್ಯವರ್ತಿ ಸರ್ವರ್ ಅಷ್ಟೇ. ಪುಟಗಳ ಟ್ರಾಫಿಕ್ ಅದರ ಮೂಲಕ ಹೋಗುತ್ತದೆ, ಸ್ಟನ್‌ನ ಯುಡಿಪಿ ನೇರವಾಗಿ ನಿಮ್ಮ ರೌಟರ್‌ನಿಂದಲೇ ಹೊರಡುತ್ತದೆ. ಇದಕ್ಕೆ ವಿಪಿಎನ್ ಅಂತ ಹೆಸರಿಡುವುದೇ ಜನರಿಗೆ ಮಾಡುವ ಅನ್ಯಾಯ.

‘.ಲೋಕಲ್’ ಹೆಸರಿಗೆ ಹೆದರಬೇಡಿ. ಮನೆಯೊಳಗಿನ 192.168 ವಿಳಾಸವನ್ನು ಮರೆಮಾಡಲು ಬ್ರೌಸರೇ ಕೊಟ್ಟ ತಾತ್ಕಾಲಿಕ ಹೆಸರು ಅದು.

ಅಡ್ರೆಸ್ ಬಾರ್‌ನಲ್ಲಿ ಅಬೌಟ್:ಕಾನ್ಫಿಗ್ ತೆರೆದು ‘ಮೀಡಿಯಾ.ಪಿಯರ್‌ಕನೆಕ್ಷನ್.ಎನೇಬಲ್ಡ್’ ಹುಡುಕಿ, ಫಾಲ್ಸ್ ಮಾಡಿ, ಮತ್ತೆ ಟೆಸ್ಟ್ ಮಾಡಿ.

ನೇಸರ:
ಆ ಸಾಲು ಖಾಲಿಯಾಯಿತು, ಧನ್ಯವಾದ. ಆದರೆ ಗೂಗಲ್ ಮೀಟ್ ನಿಂತುಹೋಯಿತು. ಪೂರ್ತಿ ವಿಪಿಎನ್ ಆ್ಯಪ್ ಹಾಕಿ ಫೋನ್ ಹಾಟ್‌ಸ್ಪಾಟ್‌ನಲ್ಲೂ ನೋಡಿದೆ. ಅಲ್ಲಿ 2409ರಿಂದ ಶುರುವಾಗುವ ಉದ್ದದ ವಿಳಾಸವೊಂದು ಕಾಣುತ್ತಿದೆ!

ಬಯಲುಸೀಮೆ:
ಮೀಟ್ ನಿಂತಿರುವುದು ಸಹಜ, ಅದು ನಡೆಯುವುದೇ ವೆಬ್‌ಆರ್‌ಟಿಸಿಯಿಂದ. ಅಬೌಟ್:ಪ್ರೊಫೈಲ್ಸ್‌ನಲ್ಲಿ ಮೀಟಿಂಗ್‌ಗೆಂದೇ ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಅದರಲ್ಲಿ ಆನ್ ಇರಲಿ, ಓದಾಟದ ಪ್ರೊಫೈಲ್‌ನಲ್ಲಿ ಆಫ್ ಇರಲಿ.

2409 ನಿಮ್ಮ ಮೊಬೈಲ್ ಕಂಪನಿ ಕೊಟ್ಟ ಐಪಿವಿ6, ಅಂದರೆ ಹೊಸ ಮಾದರಿಯ ಐಪಿ ವಿಳಾಸ. ಆ ಆ್ಯಪ್ ಹಳೆಯ ಮಾದರಿಯ ಐಪಿವಿ4 ಅನ್ನು ಮಾತ್ರ ವಿಪಿಎನ್ ಸುರಂಗಕ್ಕೆ ಹಾಕುತ್ತಿರಬೇಕು. ಸೆಟ್ಟಿಂಗ್ಸ್‌ನಲ್ಲಿ ಐಪಿವಿ6 ತಡೆಯುವ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಅಡಾಪ್ಟರ್‌ನಲ್ಲೇ ಐಪಿವಿ6 ಟಿಕ್ ತೆಗೆಯಿರಿ.

ಮಲ್ನಾಡ್ ಹುಡುಗಿ:
ಬ್ರೇವ್ ಬ್ರೌಸರ್ ಬಳಸುವವರಿಗೆ: ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ವೆಬ್‌ಆರ್‌ಟಿಸಿ ಐಪಿ ಪಾಲಿಸಿ ಇದೆ, ‘ಡಿಸೇಬಲ್ ನಾನ್-ಪ್ರಾಕ್ಸೀಡ್ ಯುಡಿಪಿ’ ಆರಿಸಿ. ವಿಳಾಸ ಬಯಲಾದರೆ ನಿಜವಾಗಿಯೂ ಅಪಾಯ ಇರುವವರು ಈ ತೇಪೆಗಳನ್ನು ನಂಬಬೇಡಿ, ಟಾರ್ ಬ್ರೌಸರ್ ಬಳಸಿ. ಅದರಲ್ಲಿ ವೆಬ್‌ಆರ್‌ಟಿಸಿಯನ್ನೇ ತೆಗೆದುಹಾಕಿದ್ದಾರೆ.

ನೇಸರ:
ಆ್ಯಪ್‌ನಲ್ಲಿ ಆ ಆಯ್ಕೆ ಇರಲಿಲ್ಲ. ಅಡಾಪ್ಟರ್‌ನಲ್ಲಿ ಟಿಕ್ ತೆಗೆದೆ, 2409 ಹೋಯಿತು.