ಅಡುಗೆಮನೆ ನೀರು ಯುಜಿಡಿಗೆ (ಒಳಚರಂಡಿಗೆ) ಬಿಡೋದು ಹೇಗೆ? ಗ್ರೀಸ್ ಟ್ರ್ಯಾಪ್, ಟೆಸ್ಟ್ ರಿಪೋರ್ಟ್, ಪೈಪಿನ ಇಳಿಜಾರು

ಪ್ರಶ್ನೆ (ಮೈಸೂರು ಕುವೆಂಪುನಗರ, ದರ್ಶಿನಿ ನಡೆಸುವವರು)

ನಮಸ್ಕಾರ ಸರ್. 60 ಸೀಟಿನ ಹೋಟೆಲ್. ಅಡುಗೆಮನೆ, ಪಾತ್ರೆ ತೊಳೆಯೋ ಜಾಗ, ಟಾಯ್ಲೆಟ್ ಎಲ್ಲಾ ಒಂದೇ 4 ಇಂಚಿನ ಪೈಪಲ್ಲಿ ರಸ್ತೆ ಯುಜಿಡಿಗೆ ಹೋಗುತ್ತೆ. ಆಗಾಗ ಕಟ್ಟಿಕೊಂಡು ಮುಂದಿನ ಮ್ಯಾನ್‌ಹೋಲ್ ಉಕ್ಕುತ್ತೆ, ಅಕ್ಕಪಕ್ಕದವರ ಹತ್ತಿರ ಬೈಸಿಕೊಳ್ಳೋದು ನಾವು. ಈಗ ಗ್ರೀಸ್ ಟ್ರ್ಯಾಪ್ (ನೀರಿಂದ ಎಣ್ಣೆ-ಜಿಡ್ಡು ಬೇರ್ಪಡಿಸಿ ಹಿಡಿಯೋ ತೊಟ್ಟಿ) ಹಾಕಿಸಿ ನೀರಿನ ಟೆಸ್ಟ್ ರಿಪೋರ್ಟ್ ಕೊಡಿ ಅಂತ ನೋಟಿಸ್ ಬಂದಿದೆ. ಸಿಂಕ್ ಕೆಳಗೆ ಇಡೋ ಸ್ಟೀಲ್ ಡಬ್ಬ ಸಾಕಾ? ರಿಪೋರ್ಟಲ್ಲಿ ಎಷ್ಟೆಷ್ಟು ಬಂದರೆ ಸರಿ?

ಉತ್ತರ (ಪರಿಸರ ಎಂಜಿನಿಯರ್)

ಮೊದಲು ರಿಪೋರ್ಟ್ ವಿಷಯ. 1986ರ ಪರಿಸರ ಸಂರಕ್ಷಣಾ ನಿಯಮಗಳ 6ನೇ ಅನುಸೂಚಿಯಲ್ಲಿ ಸಾರ್ವಜನಿಕ ಒಳಚರಂಡಿಗೆ ಅಂತಲೇ ಒಂದು ಕಾಲಂ ಇದೆ. ಹೋಟೆಲಿಗೆ ಮುಖ್ಯವಾದದ್ದು ನಾಲ್ಕು: ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 9, ತೇಲುವ-ಕರಗದ ಘನವಸ್ತು ಲೀಟರಿಗೆ 600 ಮಿಲಿಗ್ರಾಂ, ಬಿಒಡಿ (ನೀರಲ್ಲಿನ ಕೊಳೆಯೋ ವಸ್ತುವನ್ನ ಸೂಕ್ಷ್ಮಜೀವಿಗಳು ಅರಗಿಸೋಕೆ ಬೇಕಾದ ಆಮ್ಲಜನಕ) 350, ಎಣ್ಣೆ-ಜಿಡ್ಡು 20. ಸಿಒಡಿಗೆ (ಅದೇ ಆಮ್ಲಜನಕದ ಬೇಡಿಕೆಯನ್ನ ರಾಸಾಯನಿಕದಿಂದ ಅಳೆಯೋದು) ಈ ಕಾಲಂನಲ್ಲಿ ಅಂಕಿ ಇಲ್ಲ. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ನಿಮಗಿದ್ದರೆ ಅದರಲ್ಲಿ ಬರೆದ ಮಿತಿಯೇ ನಿಮಗೆ ಕಾನೂನು, ಅದನ್ನ ಒಮ್ಮೆ ತೆಗೆದು ಓದಿ. ಚರಂಡಿಗೆ ಹೊಸದಾಗಿ ನೀರು ಬಿಡೋದಕ್ಕೂ ಸಮ್ಮತಿ ಬೇಕು ಅಂತ 1974ರ ಜಲ ಕಾಯ್ದೆಯ 25ನೇ ಕಲಂ ಹೇಳುತ್ತೆ. ಬರೀ ನದಿ, ಕೆರೆಗೆ ಬಿಡೋರಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ.

ಈ ನಾಲ್ಕರಲ್ಲಿ ಹೋಟೆಲ್‌ಗಳು ಸಿಕ್ಕಿಬೀಳೋದು ಎಣ್ಣೆ-ಜಿಡ್ಡಲ್ಲಿ. ಸಿಂಕ್ ಕೆಳಗಿನ ಡಬ್ಬದಲ್ಲಿ ನೀರು ನಿಲ್ಲೋದು ಸುಮಾರು 40-50 ಲೀಟರ್. ತೊಳೆಯೋ ತೊಟ್ಟಿಯ ಬಿರಡೆ ಎಳೆದರೆ ಎರಡು ನಿಮಿಷದಲ್ಲಿ ಅಷ್ಟೂ ದಾಟಿಹೋಗುತ್ತೆ, ಜಿಡ್ಡು ಮೇಲೆ ಬರೋಕೆ ಹೊತ್ತೇ ಸಿಗಲ್ಲ. ಕಡಿಮೆ ಅಂದರೂ ಅರ್ಧ ಗಂಟೆ ನೀರು ಟ್ರ್ಯಾಪಲ್ಲಿ ನಿಲ್ಲಬೇಕು.

ಅಳತೆ ನೀವೇ ಹಾಕಬಹುದು. ಊಟದ ಹೊತ್ತು ಮುಗಿದು ಪಾತ್ರೆ ತೊಳೆಯೋ ರಭಸ ಜೋರಿದ್ದಾಗ ಅಡುಗೆಮನೆ ಪೈಪಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿಯಿರಿ. ಒಂದು ನಿಮಿಷಕ್ಕೆ ತುಂಬಿದರೆ ಅರ್ಧ ಗಂಟೆಗೆ 20 × 30 = 600 ಲೀಟರ್. ಜಿಡ್ಡು, ಕೆಸರು ಕೂರೋಕೆ ಅದರ ಮೇಲೆ ಮೂರನೇ ಒಂದು ಭಾಗ ಸೇರಿಸಿ, 800 ಲೀಟರ್. ಒಳ ಅಳತೆ 1.5 ಮೀಟರ್ ಉದ್ದ, 0.6 ಮೀಟರ್ ಅಗಲ, ನೀರಿನ ಆಳ 0.9 ಮೀಟರ್ ಇಟ್ಟರೆ 810 ಲೀಟರ್ ಆಗುತ್ತೆ. ನೀರಿನ ಮೇಲೆ ಒಂದಡಿ ಖಾಲಿ ಜಾಗ ಬಿಡಿ.

ತೊಟ್ಟಿಯ ಒಳಗಿನ ಕೆಲಸದಲ್ಲೇ ಜನ ಕೆಡಿಸಿಕೊಳ್ಳೋದು. ನೀರು ಒಳಬರುವ ಕಡೆ ಅನ್ನ, ಸೊಪ್ಪಿನ ಚೂರು ಹಿಡಿಯೋಕೆ ತೆಗೆಯಬಹುದಾದ ಜಾಲರಿ ಬುಟ್ಟಿ. ಉದ್ದದ ಮೂರನೇ ಎರಡು ಭಾಗದ ಹತ್ತಿರ ಒಂದು ಅಡ್ಡಗೋಡೆ, ತಳದಲ್ಲಿ ಮಾತ್ರ ಕಿಂಡಿ. ಜಿಡ್ಡು ಮೇಲುಗಡೆಯೇ ಉಳಿದು ನೀರು ಅಡಿಯಿಂದ ನುಸುಳಿ ಹೋಗಬೇಕು. ಹೊರಹೋಗುವ ಕಡೆ ‘ಟಿ’ ಪೈಪ್ ಕಡ್ಡಾಯ, ಅದರ ಕೆಳಗಿನ ಕಾಲು ತಳದಿಂದ ಒಂದಡಿ ಮೇಲೆ ನಿಲ್ಲಲಿ. ಆ ‘ಟಿ’ ಬಿಟ್ಟು ನೇರ ಪೈಪ್ ಚುಚ್ಚಿದರೆ ಮೇಲೆ ತೇಲಿದ ಜಿಡ್ಡೇ ಮೊದಲು ಆಚೆ ಹೋಗೋದು, ತೊಟ್ಟಿ ಕಟ್ಟಿದ ದುಡ್ಡು ದಂಡ. ಮುಚ್ಚಳಕ್ಕೆ ಸಿಮೆಂಟ್ ಮೆತ್ತಬೇಡಿ. ಮೆತ್ತಿದ ಮುಚ್ಚಳವನ್ನ ಯಾರೂ ತೆಗೆಯಲ್ಲ.

ತೆಗೆಯೋದು ಬೆಳಗಿನ ಜಾವ, ಒಲೆ ಹಚ್ಚೋಕೆ ಮುಂಚೆ. ಆಗ ಮೇಲೆ ಬೆರಳು ದಪ್ಪಕ್ಕೆ ಹಳದಿ ಪದರ ಗಟ್ಟಿಯಾಗಿರುತ್ತೆ, ಒಗ್ಗರಣೆಯ ಸಾಸಿವೆ-ಕರಿಬೇವು ಅದರೊಳಗೇ ಅಂಟಿಕೊಂಡಿರುತ್ತೆ, ಜಾರೆ ಹಾಕಿದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತೆ. ಹತ್ತು ಗಂಟೆಗೆ ಬಿಸಿನೀರು ಬಿದ್ದ ಮೇಲೆ ಹೋದರೆ ಬರೀ ಗೊಜ್ಜು. ಎಷ್ಟು ದಿನಕ್ಕೊಮ್ಮೆ ಅನ್ನೋದಕ್ಕೆ ಕ್ಯಾಲೆಂಡರ್ ಬೇಡ, ಕೋಲು ಸಾಕು. ಮೇಲಿನ ಜಿಡ್ಡು, ತಳದ ಕೆಸರು ಎರಡೂ ಸೇರಿ ನೀರಿನ ಆಳದ ಕಾಲು ಭಾಗ ಮುಟ್ಟಿದರೆ (ನಿಮ್ಮ ತೊಟ್ಟಿಗೆ 22 ಸೆಂ.ಮೀ.) ಖಾಲಿ ಮಾಡಲೇಬೇಕು.

ಮರುಪ್ರಶ್ನೆ (ಅವರೇ)

ಈಗ ಕಟ್ಟಿಕೊಂಡಾಗೆಲ್ಲ ಕುದಿಯೋ ನೀರು, ಕಾಸ್ಟಿಕ್ ಸೋಡ ಹಾಕಿಸ್ತೀವಿ. ಬಿಟ್ಟುಬಿಡುತ್ತೆ. ಅದನ್ನೇ ವಾರವಾರ ಹಾಕಿದರೆ ಟ್ರ್ಯಾಪ್ ಇಲ್ಲದೇ ನಡೆಯಲ್ವಾ?

ಉತ್ತರ (ಪರಿಸರ ಎಂಜಿನಿಯರ್)

ನಡೆಯಲ್ಲ. ಕಟ್ಟಿಕೊಂಡದ್ದು ನಿಮ್ಮ ಜಾಗ ಬಿಟ್ಟು ರಸ್ತೆ ಕೆಳಗೆ ಹೋಗಿ ಕೂರುತ್ತೆ, ಅಷ್ಟೇ. ಬಿಸಿಗೆ ಕರಗಿದ ಜಿಡ್ಡು ಮುಂದೆ ತಣ್ಣಗಾದ ಕಡೆ ಮತ್ತೆ ಹೆಪ್ಪುಗಟ್ಟುತ್ತೆ. ಬೋರ್‌ವೆಲ್ ಗಡಸು ನೀರಿನ ಸುಣ್ಣದಂಶ, ಕಾಂಕ್ರೀಟಿನ ಸುಣ್ಣದಂಶ ಸೇರಿದರೆ ಗಟ್ಟಿ ಸೋಪಿನಂಥ ಪದಾರ್ಥ ಆಗುತ್ತೆ, ಅದು ಆಮೇಲೆ ಬಿಸಿನೀರಿಗೂ ಬಗ್ಗಲ್ಲ. ಜೋರು ಒತ್ತಡದಲ್ಲಿ ನೀರು ಚಿಮ್ಮಿಸೋ ಜೆಟ್ಟಿಂಗ್ ಮಷೀನೇ ಬರಬೇಕು. ಕಾಸ್ಟಿಕ್ ಹಾಕಿದ ಹೊತ್ತಲ್ಲಿ ಸ್ಯಾಂಪಲ್ ಹಿಡಿದರೆ ಪಿಎಚ್ 9 ದಾಟಿ ಅದೇ ಒಂದು ಉಲ್ಲಂಘನೆ. ಎಣ್ಣೆ ‘ತಿನ್ನುವ’ ಪುಡಿ, ದ್ರಾವಣಗಳ ಬಗ್ಗೆಯೂ ನನಗೆ ಅನುಮಾನವೇ. ಅದರಲ್ಲಿ ಎಷ್ಟೋ ಜಿಡ್ಡನ್ನ ನೀರಿಗೆ ಬೆರೆಸಿ ಟ್ರ್ಯಾಪ್ ದಾಟಿಸುತ್ತೆ, ಇಲ್ಲವಾಗಿಸಲ್ಲ.

ಕರಿದ ಎಣ್ಣೆಯನ್ನಂತೂ ಸಿಂಕಿಗೆ ತೋರಿಸಲೇಬೇಡಿ. ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟೋ ವಸ್ತು) ಶೇ 25 ದಾಟಿದ ಎಣ್ಣೆ ಬಳಸುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈನಿಂದ ಇದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಕರಿಯೋ ಎಣ್ಣೆ ಬಳಸುವವರು ಲೆಕ್ಕ ಇಟ್ಟು ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು.

ಇನ್ನೊಂದು ಮಾತು. ಟ್ರ್ಯಾಪ್ ಜಿಡ್ಡು ಹಿಡಿಯುತ್ತೆ, ಕರಗಿದ ಬಿಒಡಿ ಹಿಡಿಯಲ್ಲ. ಅನ್ನದ ಗಂಜಿ, ಉಳಿದ ಸಾಂಬಾರ್, ಮಜ್ಜಿಗೆ, ಹುಳಿ ಬಂದ ದೋಸೆ ಹಿಟ್ಟು ಇವನ್ನ ಸಿಂಕಿಗೆ ಸುರಿಯೋದು ನಿಲ್ಲಿಸಿ. ತಟ್ಟೆಯನ್ನ ಬಳಿದು ಹಸಿಕಸದ ಡಬ್ಬಕ್ಕೆ ಹಾಕಿ ಆಮೇಲೆ ತೊಳೆಯಲಿ. ಅಷ್ಟಾದರೂ 350 ಮೀರಿದರೆ ಸಣ್ಣ ಜೈವಿಕ ಸಂಸ್ಕರಣಾ ಘಟಕ ಬೇಕಾಗುತ್ತೆ. ನಲ್ಲಿ ನೀರು ಬೆರೆಸಿ ತೆಳು ಮಾಡಿ ಅಂಕಿ ಇಳಿಸೋಕೆ ಹೋಗಬೇಡಿ, ಅದಕ್ಕೆ ಅವಕಾಶವಿಲ್ಲ.

ಉತ್ತರ (ಲೈಸೆನ್ಸ್ ಇರುವ ಪ್ಲಂಬರ್)

ಸರ್ ಹೇಳಿದ ತೊಟ್ಟಿ ಸರಿ, ಆದರೆ ನಿಮ್ಮ ಪೈಪ್ ಲೈನ್ ಹಾಗೇ ಇಟ್ಟುಕೊಂಡು ತೊಟ್ಟಿ ಕಟ್ಟಬೇಡಿ ಸ್ವಾಮಿ. ಟಾಯ್ಲೆಟ್ ಲೈನ್ ಟ್ರ್ಯಾಪಿಗೆ ಬರಲೇಬಾರದು. ಅಡುಗೆಮನೆಗೆ ಬೇರೆ ಲೈನ್ ಎಳೆದು, ಗಲ್ಲಿ ಟ್ರ್ಯಾಪ್ (ವಾಸನೆ ಹಿಂದೆ ಬರದಂತೆ ನೀರು ನಿಲ್ಲಿಸೋ ಗುಂಡಿ) ದಾಟಿಸಿ, ಗ್ರೀಸ್ ಟ್ರ್ಯಾಪಿಗೆ ತಂದು, ಅದರ ಆಚೆ ಇನ್ಸ್‌ಪೆಕ್ಷನ್ ಛೇಂಬರಲ್ಲಿ (ಮುಚ್ಚಳ ತೆಗೆದು ಪೈಪ್ ನೋಡೋ ಗುಂಡಿ) ಎರಡು ಲೈನನ್ನೂ ಸೇರಿಸಿ. ಸೇರಿಸುವಾಗ ನೀರು ಹರಿಯೋ ದಿಕ್ಕಿಗೇ ಬೆಂಡ್ ಕೊಡಬೇಕು, ಎದುರಿಂದ ಗುದ್ದಿಸಿದರೆ ಅಲ್ಲೇ ಕಸ ನಿಲ್ಲುತ್ತೆ.

4 ಇಂಚಿಗೆ 40ಕ್ಕೆ 1 ಇಳಿಜಾರು, ಅಂದರೆ ಮೀಟರಿಗೆ 25 ಮಿ.ಮೀ. 6 ಇಂಚಿಗೆ 60ಕ್ಕೆ 1, ಮೀಟರಿಗೆ ಸುಮಾರು 17 ಮಿ.ಮೀ. ಇಳಿಜಾರು ಸಾಲದಿದ್ದರೆ ಕೆಸರು ಪೈಪಲ್ಲೇ ತಂಗುತ್ತೆ. ಮಟ್ಟವನ್ನ ನೀರು ತುಂಬಿದ ಟ್ಯೂಬಲ್ಲಿ ನೋಡಿ, ಕಣ್ಣಂದಾಜು ಬೇಡ.

ಮತ್ತೆ ಈ ಊರಲ್ಲಿ ದೊಡ್ಡ ಕಾಯಿಲೆ ತಾರಸಿ ನೀರನ್ನ ಯುಜಿಡಿಗೆ ಕೊಡೋದು. 100 ಚದರ ಮೀಟರ್ ತಾರಸಿ ಮೇಲೆ 50 ಮಿ.ಮೀ. ಮಳೆ ಬಂತು ಅನ್ನಿ, 5,000 ಲೀಟರ್. ತಲೆಗೆ ದಿನಕ್ಕೆ 135 ಲೀಟರಿನ ಲೆಕ್ಕದಲ್ಲಿ ನಾಲ್ಕು ಜನರ ಮನೆ ಒಂಬತ್ತು ದಿನ ಬಳಸೋ ನೀರು ಅದು, ಒಂದೇ ಮಳೆಗೆ ಒಂದೇ ಪೈಪಿಗೆ. ಮ್ಯಾನ್‌ಹೋಲ್ ಉಕ್ಕದೇ ಇನ್ನೇನು ಮಾಡುತ್ತೆ? ಅದು ಮಳೆನೀರು ಚರಂಡಿಗೋ ಇಂಗುಗುಂಡಿಗೋ ಹೋಗಬೇಕು.

ಕಟ್ಟಿಕೊಂಡಾಗ ಹುಡುಗರನ್ನ ಮ್ಯಾನ್‌ಹೋಲಿಗೆ ಇಳಿಸಬೇಡಿ, ದೊಡ್ಡ ಗ್ರೀಸ್ ಟ್ರ್ಯಾಪಿಗೂ ಇಳಿಸಬೇಡಿ. ಒಳಗಿನ ವಿಷಗಾಳಿ ಎಳೆದುಕೊಂಡ ಕ್ಷಣದಲ್ಲೇ ಬಿದ್ದುಹೋಗ್ತಾರೆ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಅಪರಾಧ. ಚರಂಡಿಯಲ್ಲಿ ಸತ್ತರೆ 30 ಲಕ್ಷ ರೂಪಾಯಿ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಪ್ರಶ್ನೆ (ಮೈಸೂರು, ಸಿಹಿತಿಂಡಿ ತಯಾರಿಸುವವರು)

ಮೇಡಂ/ಸರ್, ದಿನಾ ಪನೀರ್ ಮಾಡಿ ಸುಮಾರು 100 ಲೀಟರ್ ಹಾಲಿನ ತಿಳಿ ಉಳಿಯುತ್ತೆ. ಎಣ್ಣೆ ಇಲ್ಲವಲ್ಲ, ನೇರ ಬಿಡಬಹುದಾ?

ಉತ್ತರ (ಪರಿಸರ ಎಂಜಿನಿಯರ್)

ಬೇಡಮ್ಮ. ನೋಡೋಕೆ ತಿಳಿನೀರು, ಆದರೆ ಹಾಲಿನ ಸಕ್ಕರೆಯೆಲ್ಲ ಅದರಲ್ಲೇ ಇದೆ. ಬಿಒಡಿ ಲೀಟರಿಗೆ 35,000 ಮಿಲಿಗ್ರಾಂ ಹಿಡಿದರೂ 100 ಲೀಟರಲ್ಲಿ ಮೂರೂವರೆ ಕಿಲೋ. 350ರ ಮಿತಿಗೆ ಇಳಿಯಬೇಕಾದರೆ ಅದು 10,000 ಲೀಟರ್ ನೀರಲ್ಲಿ ಹರಡಬೇಕು! ಹುಳಿ ಹಿಂಡಿ ಒಡೆದದ್ದಾದ್ದರಿಂದ ಪಿಎಚ್ ಕೂಡ ಸಾಮಾನ್ಯವಾಗಿ 5.5ಕ್ಕಿಂತ ಕೆಳಗೇ. ಸುಣ್ಣ ಹಾಕಿದರೆ ಪಿಎಚ್ ಸರಿಹೋಗುತ್ತೆ, ಬಿಒಡಿ ಹಾಗೇ ಇರುತ್ತೆ. ಚರಂಡಿಯಲ್ಲಿ ಅದು ಕೊಳೆತು ಕೊಳೆತ ಮೊಟ್ಟೆ ವಾಸನೆಯ ಅನಿಲ ಬರುತ್ತೆ, ಅದೇ ಅನಿಲ ಪೈಪಿನ ಮೇಲ್ಭಾಗದ ತೇವದಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟ್ ತಿನ್ನುತ್ತೆ. ಹಿಟ್ಟು ಕಲಸೋಕೆ ಬಳಸಿ, ಮಿಕ್ಕದ್ದು ಅವತ್ತೇ ಹಸು ಸಾಕುವವರಿಗೆ ಕೊಡಿ. ಪಾತ್ರೆ ತೊಳೆದ ನೀರು ಮಾತ್ರ ಯುಜಿಡಿಗೆ.

ಪ್ರಶ್ನೆ (ಬೈಕ್ ಸರ್ವಿಸ್ ಅಂಗಡಿ)

ವಾಷಿಂಗ್ ನೀರು?

ಉತ್ತರ (ಪರಿಸರ ಎಂಜಿನಿಯರ್)

ಮೊದಲು ಮಣ್ಣು ಕೂರುವ ಗುಂಡಿ, ಆಮೇಲೆ ಎಣ್ಣೆ ಬೇರ್ಪಡಿಸುವ ತೊಟ್ಟಿ, ಆಮೇಲೆ ಯುಜಿಡಿ. ಬದಲಾಯಿಸಿದ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನ ಡ್ರಮ್ಮಲ್ಲಿ ತುಂಬಿಟ್ಟು ಅಧಿಕೃತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ (ಮಂಡ್ಯ ಜಿಲ್ಲೆ, ಸಣ್ಣ ಊಟದ ಹೋಟೆಲ್)

ಅಣ್ಣ, ನಮ್ಮ ಹೊಸ ಬಡಾವಣೆಯಲ್ಲಿ ಒಳಚರಂಡಿ ಪೈಪ್ ಹಾಕವ್ರೆ. ಆದ್ರೆ ಅದು ಕೊಳಚೆ ಶುದ್ಧ ಮಾಡೋ ಪ್ಲಾಂಟಿಗೆ ಸೇರದೆ ಸೀದಾ ಹಳ್ಳಕ್ಕೆ ಬೀಳ್ತದೆ ಅಂತಾರೆ. ನಮಗೂ 350ರ ಲೆಕ್ಕವೇನಾ?

ಉತ್ತರ (ಪರಿಸರ ಎಂಜಿನಿಯರ್)

ಒಳ್ಳೆ ಪ್ರಶ್ನೆ ಕೇಳಿದ್ರಿ, ಯಾರೂ ಕೇಳಲ್ಲ ಇದನ್ನ. ಅದೇ ಅನುಸೂಚಿಯ ಕೆಳಗೆ ಟಿಪ್ಪಣಿ ಇದೆ: ಚರಂಡಿ ಜೈವಿಕ ಸಂಸ್ಕರಣೆ ಇರುವ ಘಟಕಕ್ಕೆ ಹೋಗಿ ಸೇರುತ್ತಿದ್ದರೆ ಮಾತ್ರ ಆ ಸಡಿಲ ಮಿತಿ. ಸೇರದಿದ್ದರೆ ಹೊಳೆ-ಕೆರೆಗೆ ನೇರ ಬಿಟ್ಟಂತೆಯೇ ಲೆಕ್ಕ. ಆಗ ಬಿಒಡಿ 30, ಘನವಸ್ತು 100, ಎಣ್ಣೆ-ಜಿಡ್ಡು 10, ಸಿಒಡಿ 250. ಬರೀ ಗ್ರೀಸ್ ಟ್ರ್ಯಾಪಲ್ಲಿ ಬಿಒಡಿ 30ಕ್ಕೆ ಇಳಿಯಲ್ಲ. ಮೈಸೂರು ನಗರದ ಒಳಗೆ ಲೈನ್‌ಗಳು ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆ ಘಟಕಗಳ ಕಡೆ ಹೋಗೋದರಿಂದ 350ರ ಮಾತು ಬಂದಿದ್ದು. ನಿಮ್ಮ ಲೈನ್ ಯಾವ ಘಟಕಕ್ಕೆ ಸೇರಿದೆ ಅಂತ ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ತಗೊಳ್ಳಿ, ಆಮೇಲೆ ನಿಮ್ಮ ಹೋಟೆಲಿಗೆ ಎಷ್ಟು ದೊಡ್ಡ ಸಂಸ್ಕರಣಾ ಘಟಕ ಬೇಕು ಅಂತ ಯೋಚಿಸಿ.

ಮರುಪ್ರಶ್ನೆ (ಕುವೆಂಪುನಗರದವರು)

ಸರ್, ಸ್ಯಾಂಪಲ್ ನಾವೇ ತುಂಬಿ ಲ್ಯಾಬಿಗೆ ಕೊಡಬಹುದಾ?

ಉತ್ತರ (ಪರಿಸರ ಎಂಜಿನಿಯರ್)

ಮಂಡಳಿ ಮಾನ್ಯತೆ ಇರುವ ಲ್ಯಾಬಿನವರನ್ನೇ ಕರೆಸಿ. ಗ್ರೀಸ್ ಟ್ರ್ಯಾಪ್ ದಾಟಿದ ಮೇಲೆ, ಟಾಯ್ಲೆಟ್ ಲೈನ್ ಸೇರುವ ಮುಂಚೆ, ಕೆಲಸ ನಡೆಯೋ ಹೊತ್ತಲ್ಲೇ ಹಿಡಿಯಬೇಕು. ಎಣ್ಣೆ-ಜಿಡ್ಡಿಗೆ ಅಗಲ ಬಾಯಿಯ ಗಾಜಿನ ಬಾಟಲಿ, ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಿ ಇಡ್ತಾರೆ. ಪ್ಲಾಸ್ಟಿಕ್ ಆದರೆ ಜಿಡ್ಡು ಬಾಟಲಿ ಗೋಡೆಗೇ ಅಂಟಿ ಅಂಕಿ ಸುಳ್ಳಾಗುತ್ತೆ. ಬಿಒಡಿ ಬಾಟಲಿಗೆ ಆಮ್ಲ ಹಾಕಬಾರದು, ಐಸ್ ಡಬ್ಬದಲ್ಲಿ ಇಟ್ಟು ಅವತ್ತೇ ತಲುಪಿಸಬೇಕು. ಆ ಪರೀಕ್ಷೆ 27 ಡಿಗ್ರಿಯಲ್ಲಿ ಮೂರು ದಿನ ನಡೆಯುತ್ತೆ. ಮಾರನೇ ದಿನವೇ ಬಿಒಡಿ ರಿಪೋರ್ಟ್ ಕೈಗಿಟ್ಟರೆ ಆ ಲ್ಯಾಬಿಗೆ ಮತ್ತೆ ಹೋಗಬೇಡಿ.