ಪ್ರಶ್ನೋತ್ತರ: ಎಲ್ಲದಕ್ಕೂ ‘ಅಂದ್’ ಎನ್ನುತ್ತಾರೆ, ಇದು ಸಮೀಕ್ಷೆಯೇ?

ಪ್ರಶ್ನೆ (ವಿದ್ಯಾರ್ಥಿನಿ, ಉಡುಪಿ): ಮೇಡಂ, ಎಂ.ಎಸ್ಸಿ. ಮನಶ್ಶಾಸ್ತ್ರದ ಕೊನೆಯ ವರ್ಷದಲ್ಲಿದ್ದೇನೆ. ಮಲ್ಪೆಯಲ್ಲಿ ಮೀನು ಮಾರುವ ಮಹಿಳೆಯರ ಖಿನ್ನತೆ ನನ್ನ ಪ್ರಬಂಧದ ವಿಷಯ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ನಾನೇ ತುಳುವಿಗೆ ತಿರುಗಿಸಿ, ನನ್ನದೇ 12 ಹೇಳಿಕೆಗಳನ್ನು ಸೇರಿಸಿ, ಜುಲೈ ತಿಂಗಳಲ್ಲಿ 40 ಮಂದಿಗೆ ಓದಿ ಹೇಳಿ ಉತ್ತರ ಬರೆದುಕೊಂಡೆ. ನನ್ನ ಹೇಳಿಕೆಗಳಿಗೆ ಹೆಚ್ಚಿನವರು ‘ಅಂದ್’ (ಹೌದು) ಎಂದೇ ಹೇಳಿದರು. ಉತ್ತರಗಳ ಹೊಂದಾಣಿಕೆ ಅಳೆಯುವ ಆಲ್ಫಾ 0.91 ಬಂದಿದೆ, ಮಾರ್ಗದರ್ಶಕರಿಗೆ ಸಂತೋಷ. ನನಗೇ ಏಕೋ ನಂಬಿಕೆ ಬರುತ್ತಿಲ್ಲ.

ಉತ್ತರ: ನಂಬಿಕೆ ಬಾರದಿರುವುದೇ ಒಳ್ಳೆಯದಾಯಿತು. ಕ್ರೋನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ, ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದಷ್ಟೇ ಹೇಳುತ್ತದೆ. ಒಬ್ಬರು ಎಲ್ಲದಕ್ಕೂ ‘ಒಪ್ಪುತ್ತೇನೆ’, ಇನ್ನೊಬ್ಬರು ಎಲ್ಲದಕ್ಕೂ ‘ಸಂಪೂರ್ಣ ಒಪ್ಪುತ್ತೇನೆ’ ಎಂದರೂ ಆಲ್ಫಾ ಏರುತ್ತದೆ. ನೀವು ಅಳೆದದ್ದು ಖಿನ್ನತೆಯನ್ನೋ, ಪುಸ್ತಕ ಹಿಡಿದು ಬಂದ ಹುಡುಗಿಗೆ ಅವರು ಕೊಟ್ಟ ಮರ್ಯಾದೆಯನ್ನೋ ಎಂಬುದು ಅದಕ್ಕೆ ಗೊತ್ತಿಲ್ಲ. ಲೈಕರ್ಟ್ 1932ರಲ್ಲಿ ಕೊಟ್ಟ, ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಐದು ಮೆಟ್ಟಿಲು ಕಾಗದದ ಮೇಲೆ ಚೆನ್ನಾಗಿಯೇ ಇದೆ. ಬಂಗುಡೆಯ ಬೆಲೆಯಲ್ಲಿ ಐದು ರೂಪಾಯಿ ಬಿಡದವರ ಮುಂದೆ ಅದನ್ನು ಓದಿ ಹೇಳಿ ನೋಡಿ, ನಗುತ್ತಾರೆ. ಒಪ್ಪುತ್ತೀರಾ ಎಂದು ಕೇಳುವ ಬದಲು ‘ಹೋದ ವಾರ ಎಷ್ಟು ದಿನ ಹೀಗಾಯಿತು’ ಎಂದು ಕೇಳಿ.

ಇನ್ನು ತುಳು ಅನುವಾದ. ‘ಬೇಜಾರು’ ಎಂದು ಬರೆದಿದ್ದೀರಾದರೆ ಕೆಟ್ಟಿರಿ. ನಮ್ಮ ಕಡೆ ಆ ಒಂದೇ ಪದಕ್ಕೆ ದುಃಖ, ಬೇಸರ, ಮುನಿಸು ಎಲ್ಲವೂ ಸಲ್ಲುತ್ತದೆ. ಬೇರೊಬ್ಬರಿಂದ, ಮೂಲವನ್ನು ತೋರಿಸದೆ, ನಿಮ್ಮ ತುಳುವನ್ನು ಮರಳಿ ಕನ್ನಡಕ್ಕೆ ಮಾಡಿಸಿ. ಎಲ್ಲಿ ಜಾರಿದೆ ಎಂದು ಕಾಣುತ್ತದೆ. ಅಷ್ಟೇ ಸಾಲದು. ಐದಾರು ಮಂದಿಯ ಹತ್ತಿರ ಕುಳಿತು, ಉತ್ತರ ಕೊಟ್ಟ ಮೇಲೆ ‘ಹೀಗೆ ಕೇಳಿದಾಗ ನಿಮಗೆ ಏನು ನೆನಪಾಯಿತು’ ಎಂದು ಕೇಳಿ. ಬಂಟ್ವಾಳದ ಕಡೆ ಬೀಡಿ ಕಟ್ಟುವವರಲ್ಲಿ ನಾನು ‘ಮಾಡುವ ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯೇ’ ಎಂದು ಕೇಳಿದ್ದೆ. ‘ಆಸಕ್ತಿ ಇಟ್ಟುಕೊಂಡು ಬೀಡಿ ಕಟ್ಟುವವರು ಯಾರಮ್ಮ?’ ಎಂದರು ಒಬ್ಬರು. ಪ್ರಶ್ನೆ ಕೇಳುವುದು ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳ ಬಗ್ಗೆ. ಅವರಿಗೆ ಕೇಳಿಸಿದ್ದು ಕೂಲಿಯ ಬಗ್ಗೆ. ನಿದ್ರೆಯ ಪ್ರಶ್ನೆಯಲ್ಲೂ ಇದೇ ಕಥೆ. ನಸುಕಿಗೆ ಏಳುವವರ ನಿದ್ರೆಗೇಡು ಖಿನ್ನತೆಯದೋ ದುಡಿಮೆಯದೋ ಎಂದು ಬಿಡಿಸಿ ತಿಳಿಯಬೇಕು.

ಜುಲೈ ಎಂದಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪಿಎಚ್‌ಕ್ಯೂ-9 ಕೇಳುವುದು ಕಳೆದ ಎರಡು ವಾರಗಳನ್ನು ಮಾತ್ರ. ಕೈಯಲ್ಲಿ ಕಾಸಿಲ್ಲದ ಆ ದಿನಗಳ ಅಂಕವನ್ನು ವರ್ಷವಿಡೀ ಹೀಗೇ ಎಂದು ಬರೆಯಬೇಡಿ. ಸೆಪ್ಟೆಂಬರ್ ನಂತರ ಇನ್ನೊಮ್ಮೆ ಕೇಳಿ.

ಇನ್ನೊಬ್ಬ ಸದಸ್ಯರು (ಮಂಗಳೂರು): ಇಷ್ಟೆಲ್ಲ ಏಕೆ? ಗೂಗಲ್ ಫಾರ್ಮ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಸಾವಿರ ಉತ್ತರ ಬರುತ್ತದೆ.

ಉತ್ತರ: ಬರುತ್ತದೆ, ಯಾರಿಂದ? 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯ ಅಧ್ಯಕ್ಷ ಚುನಾವಣೆ ಸಮೀಕ್ಷೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದಿತ್ತು. ವಿಳಾಸಗಳಲ್ಲಿ ಬಹಳಷ್ಟು ದೂರವಾಣಿ, ಕಾರು ಇದ್ದ ಉಳ್ಳವರದು. ಲ್ಯಾಂಡನ್ ಗೆಲ್ಲುತ್ತಾರೆ ಎಂದರು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು.

ವಿದ್ಯಾರ್ಥಿನಿ: ಹಾಗಾದರೆ ಆ 40 ಉತ್ತರಗಳು ವ್ಯರ್ಥವೇ, ಮೇಡಂ?

ಉತ್ತರ: ಪೂರ್ವಪರೀಕ್ಷೆ ಎಂದು ಹಾಗೆಯೇ ಬರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಅದಕ್ಕಿಂತ ಮೊದಲು ಹೇಳಿ, ಒಂಬತ್ತನೆಯ ಪ್ರಶ್ನೆಗೆ, ಅಂದರೆ ಸಾಯುವ ಅಥವಾ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆಗೆ, ಸೊನ್ನೆ ಅಲ್ಲದ ಉತ್ತರ ಎಷ್ಟಿವೆ?

ವಿದ್ಯಾರ್ಥಿನಿ: ಎರಡು. ಹೆಸರು ಬರೆದುಕೊಂಡಿಲ್ಲ. ಇಬ್ಬರೂ ಕುಳಿತುಕೊಳ್ಳುವ ಜಾಗ ಗೊತ್ತು.

ಉತ್ತರ: ಪ್ರಬಂಧ ಬದಿಗಿರಲಿ. ಮಾರ್ಗದರ್ಶಕರಿಗೆ ಈಗಲೇ ಫೋನ್ ಮಾಡಿ, ಅವರನ್ನು ಕರೆದುಕೊಂಡು ಇವತ್ತೇ ಹೋಗಿ. ಪಕ್ಕದವರ ಕಿವಿಗೆ ಬೀಳದಂತೆ ಒಬ್ಬೊಬ್ಬರನ್ನೇ ಮಾತನಾಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಉಚಿತ, ಹಗಲುರಾತ್ರಿ ಸಿಗುತ್ತದೆ. ಚೀಟಿಯಲ್ಲಿ ಬರೆದು ಕೊಡಿ. ಒಪ್ಪಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಜೊತೆಗೇ ಹೋಗಿ. ಪ್ರಶ್ನಾವಳಿ ತೆಗೆದುಕೊಂಡು ಹೋಗಬೇಡಿ.