ಸಿಗ್ನಲ್ ಪೂರ್ತಿ ಇದ್ದರೂ ಅಂಗಡಿಯ ವೈಫೈ ನಿಂತು ನಿಂತು ನಡೆಯುತ್ತಿದೆ, ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ಕಾಫಿಪುಡಿ ವ್ಯಾಪಾರಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಪೇಟೆಯಲ್ಲಿ ನಮ್ಮದೊಂದು ಕಾಫಿಪುಡಿ ಅಂಗಡಿಯಿದೆ. ಮುಂದೆ ಗಲ್ಲಾ, ಅದರ ಹಿಂದೆ ಬೀಜ ಹುರಿಯುವ ಮತ್ತು ಪುಡಿ ಮಾಡುವ ಯಂತ್ರಗಳು, ಕೊನೆಗೆ ಗೋಣಿಚೀಲಗಳನ್ನು ಒಟ್ಟಿರುವ ತಗಡಿನ ಮಾಡಿನ ಗೋದಾಮು. ರೂಟರ್ ಗಲ್ಲಾದ ಮೇಲಿನ ಗೋಡೆಯಲ್ಲಿದೆ. ಬಿಲ್ಲಿಂಗ್ ಕಂಪ್ಯೂಟರ್, ಥರ್ಮಲ್ ಪ್ರಿಂಟರ್, ಎರಡು ಕ್ಯಾಮೆರಾ ಮತ್ತು ಗೋದಾಮಿನ ದಾಸ್ತಾನು ಬರೆದುಕೊಳ್ಳುವ ಟ್ಯಾಬ್ಲೆಟ್ ಎಲ್ಲವೂ ವೈಫೈ ಮೇಲೆಯೇ ನಡೆಯುತ್ತವೆ.

ಬೆಳಿಗ್ಗೆ ಬಾಗಿಲು ತೆರೆದಾಗ ಯಾವ ತೊಂದರೆಯೂ ಇರುವುದಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ, ಮತ್ತೆ ಸಂಜೆ ನಾಲ್ಕರಿಂದ ಆರರವರೆಗೆ, ಅದರಲ್ಲೂ ಪ್ರವಾಸಿಗರು ತುಂಬುವ ಶನಿವಾರ ಭಾನುವಾರಗಳಲ್ಲಿ, ಬಿಲ್ ಪ್ರಿಂಟರಿಗೆ ಹೋಗದೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಎರಡು ಮೂರು ಬಿಲ್ಲುಗಳು ಒಟ್ಟಿಗೆ ಹೊರಬರುತ್ತವೆ. ಫೋನಿನಲ್ಲಿ ನೋಡಿದರೆ ಸಿಗ್ನಲ್ ಗೆರೆಗಳೆಲ್ಲ ತುಂಬಿರುತ್ತವೆ. ಸಂಪರ್ಕ ಕೊಟ್ಟವರು ಬಂದು ವೇಗ ಅಳೆದು, ಎಲ್ಲವೂ ಸರಿಯಿದೆ ಎಂದು ಹೇಳಿ ಹೋದರು. ಎಡಕ್ಕೆ ಒಂದು ಬೇಕರಿ, ಮೇಲಿನ ಮಹಡಿಯಲ್ಲಿ ಲಾಡ್ಜ್ ಇದೆ. ನಮ್ಮ ಪುಡಿ ಯಂತ್ರದ ಮೋಟಾರಿನಿಂದ ವೈಫೈ ಕೆಡುವುದುಂಟೆ? ದೊಡ್ಡ ಆಂಟೆನಾಗಳಿರುವ ರೂಟರ್ ತಂದರೆ ಪರಿಹಾರವಾದೀತೆ?

ಉತ್ತರ 1: ನೆಟ್‌ವರ್ಕ್ ಕೆಲಸದವರು, ಹಾಸನ

ಹೊಸ ರೂಟರಿಗೆ ಈಗಲೇ ಹಣ ಹಾಕಬೇಡಿ. ಸಿಗ್ನಲ್ ಗೆರೆಗಳು ಹೇಳುವುದು ರೂಟರಿನ ಅಲೆ ನಿಮ್ಮ ಫೋನಿಗೆ ಎಷ್ಟು ಬಲವಾಗಿ ಮುಟ್ಟುತ್ತಿದೆ ಎಂಬುದನ್ನಷ್ಟೆ; ಅದೇ ತರಂಗಾಂತರದಲ್ಲಿ ಬೇರೆ ಎಷ್ಟು ಗದ್ದಲವಿದೆ ಎಂಬುದನ್ನು ಅವು ತೋರಿಸುವುದಿಲ್ಲ. ಶಕ್ತಿ ಹೆಚ್ಚಿಸಿದ ರೂಟರ್ ತನ್ನ ಮಾತನ್ನು ಜೋರಾಗಿ ಹೇಳಬಹುದು, ಆದರೆ ಪ್ರಿಂಟರಿನ ಪುಟ್ಟ ರೇಡಿಯೋ ಹಿಂದಿರುಗಿಸುವ ಉತ್ತರಕ್ಕೆ ಅದರಿಂದ ಹೊಸ ಶಕ್ತಿಯೇನೂ ಬರುವುದಿಲ್ಲ.

ಮೊದಲು ತೊಂದರೆ ಅಂಗಡಿಯ ಒಳಗಿನದೋ ಹೊರಗಿನದೋ ಎಂದು ತಿಳಿಯಬೇಕು. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಎರಡು ಕಿಟಕಿ ತೆರೆದು, ಒಂದರಲ್ಲಿ ನಿಮ್ಮ ರೂಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ (ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರಿನ ವಿಳಾಸ) ನಿಲ್ಲದೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತಾಗುತ್ತದೆಂದು ಅಳೆಯುವ ಪುಟ್ಟ ಸಂದೇಶ) ಹೋಗುವಂತೆ ಮಾಡಿ, ಸಂಜೆಯವರೆಗೆ ಬಿಡಿ. ರೂಟರಿನ ಉತ್ತರ 2–3 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದು ಹೊರಗಿನದು ಮಾತ್ರ ತಡವಾದರೆ ದೋಷ ಸಂಪರ್ಕದ ಕಡೆಯದು. ಪಕ್ಕದಲ್ಲೇ ಇರುವ ರೂಟರಿನ ಉತ್ತರವೇ ಇದ್ದಕ್ಕಿದ್ದಂತೆ ನೂರಾರು ಮಿಲಿಸೆಕೆಂಡಿಗೆ ಏರಿದರೆ ದೋಷ ಬಹುತೇಕ ಗಾಳಿಯಲ್ಲಿದೆ ಎಂದು ತಿಳಿಯಿರಿ.

ಮೋಟಾರಿನ ವಿಷಯ: ಪುಡಿ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಇಂಡಕ್ಷನ್ ಮೋಟಾರು ವೈಫೈ ಬಳಸುವ ತರಂಗಾಂತರಗಳಲ್ಲೊಂದಾದ 2.4 ಗಿಗಾಹರ್ಟ್ಸಿನಲ್ಲಿ ಗದ್ದಲ ಎಬ್ಬಿಸುವುದಿಲ್ಲ. ಆದರೆ ಅದು ಚಾಲೂ ಆಗುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ರೂಟರ್ ಮರುಚಾಲನೆಯಾಗುವುದುಂಟು. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಅದು ಎಷ್ಟು ಹೊತ್ತಿನಿಂದ ಸತತವಾಗಿ ನಡೆಯುತ್ತಿದೆ ಎಂಬ ಲೆಕ್ಕವಿರುತ್ತದೆ. ಮಧ್ಯಾಹ್ನ ನೋಡಿದಾಗ ಆ ಲೆಕ್ಕ ಕೆಲವೇ ನಿಮಿಷಗಳಾಗಿದ್ದರೆ ರೂಟರಿಗೊಂದು ಚಿಕ್ಕ ಯುಪಿಎಸ್ ಸಾಕು.

ನನ್ನ ಅನುಮಾನವಿರುವುದು ಬೇಕರಿಯ ಮೇಲೆ. ನೀವು ಹೇಳಿದ ಹೊತ್ತುಗಳು ಪಫ್ ಬಿಸಿ ಮಾಡಿಕೊಡುವ ಹೊತ್ತುಗಳೇ ಆಗಿವೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸಿನ ಆಸುಪಾಸಿನಲ್ಲಿ. ಬಾಗಿಲಿನ ಸಂದಿಯಿಂದ ಸೋರುವ ಅಲ್ಪ ಶಕ್ತಿ ಮನುಷ್ಯರಿಗೆ ಅಪಾಯ ಮಾಡದಿದ್ದರೂ ವೈಫೈಗೆ ಅದು ದೊಡ್ಡದೇ.

ಉತ್ತರ 2: ಲೆಕ್ಕಪತ್ರ ಕಚೇರಿಯವರು, ಚಿಕ್ಕಮಗಳೂರು

ಬಿಲ್ಲಿಂಗ್ ಕಂಪ್ಯೂಟರಿಗೆ ವೈಫೈ ಹೇಗೆ ಬರುತ್ತಿದೆ ಎಂಬುದನ್ನೂ ದಯವಿಟ್ಟು ನೋಡಿ. ಹಿಂಬದಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ ಉಗುರಿನಷ್ಟು ಚಿಕ್ಕ ಅಡಾಪ್ಟರ್ ಆಗಿದ್ದು, ಅದರ ಪಕ್ಕದ ಕಿಂಡಿಯಲ್ಲಿ ಬ್ಯಾಕಪ್ಪಿನ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಇದ್ದರೆ, ಆ ಡಿಸ್ಕಿಗೆ ಬರೆಯುವಾಗಲೆಲ್ಲ 2.4 ಗಿಗಾಹರ್ಟ್ಸಿನಲ್ಲಿ ಗದ್ದಲ ಏಳುತ್ತದೆ. ಇದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದೆ. ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಅಡಾಪ್ಟರನ್ನು ಮೇಜಿನ ಮೇಲಕ್ಕೆ ತಂದುಬಿಟ್ಟರೆ ಸಾಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಮ್ಮ ಅಡಾಪ್ಟರ್ ಮುಂಬದಿಯ ಕಿಂಡಿಯಲ್ಲಿದೆ, ಡಿಸ್ಕ್ ರಾತ್ರಿ ಮಾತ್ರ ಹಾಕುತ್ತೇವೆ. ಹಾಗಾಗಿ ಅದು ಕಾರಣವಲ್ಲ. ರೂಟರ್ ಮರುಚಾಲನೆಯಾಗಿಲ್ಲ. ಪಿಂಗ್ ಓಡಿಸಿ ಕುಳಿತು ನೋಡಿದೆ: 2, 3, 2 ಎಂದು ಬರುತ್ತಿದ್ದದ್ದು ಒಮ್ಮೆಲೇ 640ಕ್ಕೆ, 900ಕ್ಕೆ ಏರಿ, ನಡುವೆ ಉತ್ತರವೇ ಬಾರದ ಸಾಲುಗಳು ಬಿದ್ದು, ಪಕ್ಕದಿಂದ ಒಲೆಯ ಗಂಟೆ ಕೇಳಿದೊಡನೆ ಮತ್ತೆ 2ಕ್ಕೆ ಇಳಿಯಿತು. ಬೇಕರಿಯವರು ನಮಗೆ ಬೇಕಾದವರು. ನನ್ನೆದುರೇ ಖಾಲಿ ಲೋಟದಲ್ಲಿ ನೀರಿಟ್ಟು ಒಲೆ ಹಚ್ಚಿ ತೋರಿಸಿದರು, ಮತ್ತೆ ಹಾಗೆಯೇ ಆಯಿತು. ಅವರ ಒಲೆ ನಮ್ಮ ರೂಟರ್ ಇರುವ ಗೋಡೆಯ ಆಚೆಗೇ ಇದೆ. ಜೊತೆಗೆ, ಫೋನಿನ ವೈಫೈ ಅನಲೈಸರಿನಲ್ಲಿ (ಸುತ್ತಲಿನ ವೈಫೈಗಳನ್ನು ತೋರಿಸುವ ಆ್ಯಪ್) ನಾವು 9ನೇ ಚಾನೆಲ್ (ಆ ತರಂಗಾಂತರದ ಒಂದು ಪಾಲು), ಲಾಡ್ಜಿನ ರೂಟರುಗಳು 6 ಮತ್ತು 11 ಎಂದು ಕಾಣುತ್ತಿವೆ. ಖಾಲಿ ಕಂಡ 3ಕ್ಕೆ ಹೋಗಲೆ?

ಉತ್ತರ 1 ಬರೆದವರು, ಮತ್ತೆ

3 ಬೇಡ, 1ಕ್ಕೆ ಹೋಗಿ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸಿನಲ್ಲಿ 1ರಿಂದ 13ರವರೆಗೆ ಚಾನೆಲುಗಳಿದ್ದರೂ ಅವುಗಳ ನಡುವಿನ ಅಂತರ ಬರೀ 5 ಮೆಗಾಹರ್ಟ್ಸ್, ಆದರೆ ಪ್ರತಿ ರೂಟರ್ ಹಿಡಿಯುವ ಅಗಲ ಕಡಿಮೆಯೆಂದರೂ 20 ಮೆಗಾಹರ್ಟ್ಸ್. ಆದ್ದರಿಂದಲೇ 1, 6, 11ರಂತೆ ದೂರ ದೂರ ಇರುವವು ಮಾತ್ರ ಒಂದನ್ನೊಂದು ತುಳಿಯದೆ ಇರಬಲ್ಲವು. ಒಂದೇ ಚಾನೆಲಿನಲ್ಲಿರುವ ಎರಡು ರೂಟರುಗಳು ಒಂದೇ ಪಡಸಾಲೆಯಲ್ಲಿ ಕುಳಿತವರಂತೆ ಪರಸ್ಪರ ಕೇಳಿಸಿಕೊಂಡು ಸರದಿಯ ಪ್ರಕಾರ ಮಾತಾಡುತ್ತವೆ. ಆಗ ವೇಗ ಹಂಚಿಹೋಗುತ್ತದೆ, ಕೆಲಸ ಕೆಡುವುದಿಲ್ಲ. ಅರ್ಧಂಬರ್ಧ ಮೇಲೆ ಬೀಳುವ ಚಾನೆಲಿನಲ್ಲಿ ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗದ ಗದ್ದಲವಾಗುತ್ತದೆ, ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ನಿಮ್ಮ 9ನೇ ಚಾನೆಲ್ ಲಾಡ್ಜಿನ ಎರಡನ್ನೂ ತುಳಿಯುತ್ತಿದೆ, ಅದರ ನಡುಬಿಂದು 2452 ಮೆಗಾಹರ್ಟ್ಸ್ ಆದ್ದರಿಂದ ಒಲೆಯ ಬಾಯಿಗೂ ಅದೇ ನೇರವಾಗಿದೆ. 1ನೇ ಚಾನೆಲಿನ ನಡುಬಿಂದು 2412. ಇರುವ ಚಾನೆಲುಗಳಲ್ಲೆಲ್ಲ ಒಲೆಯ ಗದ್ದಲದಿಂದ ಅತಿ ದೂರದ್ದು ಅದೇ. ಚಾನೆಲನ್ನು ತಾನಾಗಿ ಆರಿಸಿಕೊಳ್ಳುವ ವ್ಯವಸ್ಥೆ ತೆಗೆದು 1ನ್ನು ಕಾಯಂ ಮಾಡಿ, ಅಗಲವನ್ನು 20 ಮೆಗಾಹರ್ಟ್ಸಿಗೆ ನಿಲ್ಲಿಸಿ.

ಇಷ್ಟಾದರೂ ಗೋಡೆಯಾಚೆಗೇ ಒಲೆಯಿರುವವರೆಗೆ ಪ್ರಿಂಟರನ್ನು ಗಾಳಿಗೆ ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ. ಬಿಲ್ಲಿಂಗ್ ಕಂಪ್ಯೂಟರಿಗೆ ರೂಟರಿನಿಂದ ಒಂದು ಲ್ಯಾನ್ ವೈರ್ ಎಳೆಸಿ; ಪ್ರಿಂಟರಿನಲ್ಲಿ ಲ್ಯಾನ್ ಕಿಂಡಿ ಇದ್ದರೆ ಅದಕ್ಕೂ ಎಳೆಸಿ, ಇಲ್ಲದಿದ್ದರೆ ಅದನ್ನು ಯುಎಸ್‌ಬಿಯಿಂದ ಕಂಪ್ಯೂಟರಿಗೇ ಜೋಡಿಸಿ. ಜಾಗ ಬಿಟ್ಟು ಕದಲದ ಯಾವ ಸಾಧನಕ್ಕೂ ವೈಫೈ ಬೇಕಾಗಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕ್ಯಾಮೆರಾಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಅವು ದಿನವಿಡೀ ಚಿತ್ರ ಕಳಿಸುತ್ತಾ ಉಳಿದವರ ಸಮಯವನ್ನು ತಿನ್ನುತ್ತವೆ.

ಟ್ಯಾಬ್ಲೆಟಿಗೆ ವೈಫೈನ ಇನ್ನೊಂದು ತರಂಗಾಂತರವಾದ 5 ಗಿಗಾಹರ್ಟ್ಸ್ ಒಳ್ಳೆಯದು, ಒಲೆಯ ಕಾಟ ಅಲ್ಲಿಲ್ಲ. ಆದರೆ ಅದು ಗೋಡೆ ದಾಟುವಾಗ ಬೇಗ ಸೊರಗುತ್ತದೆ, ನಿಮ್ಮ ಚೀಲದ ರಾಶಿಗಳನ್ನು ದಾಟುವುದು ಇನ್ನೂ ಕಷ್ಟ. ಗೋದಾಮಿನ ಒಳಗೇ, ಚೀಲಗಳು ಒಟ್ಟುವ ಎತ್ತರಕ್ಕಿಂತ ಮೇಲೆ, ತಗಡಿಗೆ ತಾಗದಂತೆ, ವೈರ್ ಮೂಲಕ ಬರುವ ಒಂದು ಆಕ್ಸೆಸ್ ಪಾಯಿಂಟ್ (ಅಲ್ಲಿಂದಲೇ ವೈಫೈ ಹರಡುವ ಪೆಟ್ಟಿಗೆ) ಹಾಕಿಸಿ. ಅದಕ್ಕೆ 36 ಅಥವಾ 149ನೇ ಚಾನೆಲ್ ಕೊಡಿ. 52ರಿಂದ 144ರವರೆಗಿನವು ರಾಡಾರಿನೊಂದಿಗೆ ಹಂಚಿಕೊಂಡಿರುವಂಥವು. ರಾಡಾರ್ ಸದ್ದು ಕೇಳಿತೆಂದರೆ ಆಕ್ಸೆಸ್ ಪಾಯಿಂಟ್ ಚಾನೆಲ್ ಬಿಟ್ಟು ಎದ್ದುಹೋಗಲೇಬೇಕು.

ಲಾಡ್ಜಿನವರನ್ನೂ ಒಮ್ಮೆ ಕಂಡು, ಅವರ ರೂಟರುಗಳು 40 ಮೆಗಾಹರ್ಟ್ಸ್ ಅಗಲದಲ್ಲಿದ್ದರೆ 20ಕ್ಕೆ ಇಳಿಸಿಕೊಳ್ಳಲು ಕೇಳಿಕೊಳ್ಳಿ. ಅವರ ಎರಡು ರೂಟರುಗಳು ಒಂದನ್ನೊಂದು ತುಳಿಯುವುದೂ ಅದರಿಂದ ತಪ್ಪುತ್ತದೆ, ಆದ್ದರಿಂದ ಬಹುಶಃ ಇಲ್ಲವೆನ್ನಲಾರರು.